ನೈಲಾನಿಗೆ ಮೈಲಿಗೆ ಇಲ್ಲ

ಕಾಡಸಿದ್ದನಿಗೆ ಹನ್ನೊಂದು ವರ್ಷ ಮಗ್ಗ ಕೊಡಲಿಲ್ಲ. ಲಾಳಿಗೆ ನೂಲು ಏರಿಸಲು ಬಾಯಿ ಹಚ್ಚಬೇಕು. ಅವನು ಹೊಲಗೇರಿಯವನು. ಅವನ ಬಾಯಿ ಹತ್ತಿದ ಲಾಳಿಯನ್ನು ಮುಂದಿನ ಪಾಳಿಯವನು ಮುಟ್ಟುವುದಿಲ್ಲ.

ಇಚಲಕರಂಜಿಗೆ ಕರೆಂಟು ಬಂದಿತ್ತು. ಮೋಟಾರು ಬಂದಿತ್ತು. ಕೈಮಗ್ಗಗಳು ಅಟ್ಟ ಸೇರಿ, ಕಬ್ಬಿಣದ ಮಗ್ಗಗಳು ಹಗಲೂ ರಾತ್ರಿ ಖಟಖಟ ಎನ್ನುತ್ತಿದ್ದವು. ಆದರೆ ಲಾಳಿಯ ಕಣ್ಣಿನಿಂದ ನೂಲನ್ನು ಹೊರಗೆ ಎಳೆಯುವ ಯಂತ್ರ ಮಾತ್ರ ದೇವರು ಮಾಡಿದ್ದೇ. ನೂಲು ಸುತ್ತಿದ ಕಂಡಿಕೆಯನ್ನು ಲಾಳಿಯ ಹೊಟ್ಟೆಯೊಳಗೆ ಕೂಡಿಸಬೇಕು, ನೂಲಿನ ತುದಿಯನ್ನು ಕಣ್ಣಿಗೆ ಒಳಗಡೆಯಿಂದ ಹಿಡಿಯಬೇಕು, ಹೊರಗಡೆ ತುಟಿ ಇಟ್ಟು ಒಂದು ಸಲ ಜೋರಾಗಿ ಹೀರಬೇಕು. ನೂಲು ನಾಲಿಗೆಯ ಮೇಲೆ ಬರುತ್ತದೆ. ಎಳೆದುಕೊಂಡು ಮಗ್ಗ ಹೂಡಬೇಕು. ಕಂಡಿಕೆ ತೀರಿತು, ಮತ್ತೆ ಬಾಯಿ. ಒಂದು ಲಾಳಿಗೆ ಎರಡು ಪಾಳಿಯ ಇಬ್ಬರು ನೇಕಾರರ ಬಾಯಿ. ಈ ಎಂಜಲನ್ನು ಯಾರೂ ಎಂಜಲು ಎನ್ನುತ್ತಿರಲಿಲ್ಲ. ಒಂದೇ ಜಾತಿಯ ಉಗುಳು ಉಗುಳಲ್ಲ, ಬಳಗ.

ಕಾಡಸಿದ್ದ ಕಸ ಹೊಡೆಯುತ್ತಿದ್ದ. ಹಾಸುನೂಲು ಸುತ್ತಿದ ಬೀಮು ಹೊರುತ್ತಿದ್ದ. ಮಗ್ಗದ ಕೆಳಗೆ ತೆವಳಿ ಎಣ್ಣೆಯಲ್ಲಿ ನೆನೆದ ಹತ್ತಿಯ ತುಪ್ಪಟವನ್ನು ಬರಿಗೈಯಲ್ಲಿ ಬಾಚುತ್ತಿದ್ದ. ಮಗ್ಗದ ಕೆಳಗೆ ಬಿದ್ದುಕೊಂಡೇ ಮಗ್ಗ ಕಲಿತ. ಎಲ್ಲಿ ಸಡಿಲಾಯಿತು, ಎಲ್ಲಿ ಬಿಗಿಯಾಯಿತು ಎಂಬುದನ್ನು ಸಪ್ಪಳದಲ್ಲೇ ಹೇಳುತ್ತಿದ್ದ. ಹೇಳಿದಾಗ ರಾಯಪ್ಪ ಬೈಯುತ್ತಿದ್ದ. ಆಮೇಲೆ ಅವನು ಹೇಳಿದ ಜಾಗದಲ್ಲೇ ಪಾನಾ ಹಾಕಿ ತಿರುವುತ್ತಿದ್ದ. ರಾಯಪ್ಪ ಜಾಬರ. ಮಗ್ಗ ಕೆಟ್ಟರೆ ರಿಪೇರಿ ಮಾಡುವವನು, ಮನುಷ್ಯರು ಕೆಟ್ಟರೆ ಹೊರಗೆ ಹಾಕುವವನು. ಬನಹಟ್ಟಿ ಕಡೆಯಿಂದ ಬಂದ ನೇಕಾರ. ಮರಾಠಿ ಊರಿನಲ್ಲಿ ಕನ್ನಡದವರ ಸುಖದುಃಖ ಕನ್ನಡದವನೇ ನೋಡಬೇಕು ಎಂದು ಭಾಷಣ ಮಾಡುವವನು. ಕಾಡಸಿದ್ದ ಗಡಹಿಂಗ್ಲಜದ ಕಡೆಯವನು, ಅವನದೂ ಕನ್ನಡವೇ. ಆ ಕನ್ನಡ ಊರ ಹೊರಗಿನದು, ಲೆಕ್ಕಕ್ಕಿಲ್ಲ.

ಮಾಲಕರ ಹೆಸರು ಬಾಬಾಸಾಹೇಬ. ಹೆಸರಿನದೇನೂ ತಪ್ಪಿಲ್ಲ.

ಚೀನಾದವರು ಗುಡ್ಡ ಇಳಿದು ಬಂದ ಮರುವರ್ಷ ಕಾರಖಾನೆಗೆ ಮಿಲಿಟರಿ ಕೆಲಸ ಬಂತು. ಮುಂಬಯಿಯ ಒಬ್ಬ ದೊಡ್ಡ ಗುತ್ತಿಗೆದಾರ ಮೊದಲು ಎಂಟು ಮಗ್ಗದ ಪರೀಕ್ಷೆಯ ಕೆಲಸ ಕೊಟ್ಟಿದ್ದ. ಬಾಬಾಸಾಹೇಬ ಮಗ್ಗ ನಿಲ್ಲಿಸಿ, ಬೀಮಿನ ಮೇಲೆ ಹತ್ತಿ ನಿಂತು ಭಾಷಣ ಮಾಡಿದರು.

"ಇನ್ನ ಮ್ಯಾಲ ಯುದ್ಧ ಕತ್ತಿಯಿಂದ ಇಲ್ಲ, ಕೋವಿಯಿಂದ ಇಲ್ಲ. ವಿಜ್ಞಾನದಿಂದ! ವಿಮಾನ ಮ್ಯಾಲಿಂದ ಹೊಂಟಿರತೈತಿ. ಗುಡ್ಡದಾಗಿನ ಜವಾನನಿಗೆ ಹಿಟ್ಟು, ಗುಂಡು, ಔಷಧ ಎಲ್ಲಾ ಛತ್ರಿ ಕಟ್ಟಿ ಕೆಳಗ ಬಿಡ್ತಾರ. ಹವಾಯಿ ಛತ್ರಿ! ಅದರ ಅರಿವಿ ನಮ್ಮ ಎಂಟು ಮಗ್ಗದ ಮ್ಯಾಲ ಬರತೈತಿ. ನೈಲಾನ್! ಗಿಡದಾಗ ಬೆಳಿಯೂದಿಲ್ಲ, ಹುಳ ಉಗುಳೂದಿಲ್ಲ. ಕಲ್ಲಿದ್ದಲಿನಿಂದ ಮಾಡಿದ್ದು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಡಸಿದ್ದನ ಕೈಯಲ್ಲಿ ಕಸಬರಿಗೆ ಇತ್ತು. ಅವನ ಕಿವಿಯಲ್ಲಿ ನಿಂತದ್ದು ಒಂದೇ ಶಬ್ದ. ಛತ್ರಿ.

ಅವನ ಅಪ್ಪ ಧೋಂಡಿಬಾ ಒಮ್ಮೆ ಗಡಹಿಂಗ್ಲಜದ ಸಂತೆಯಲ್ಲಿ ಛತ್ರಿ ಕೊಂಡಿದ್ದ. ಆಜರಾದ ಕಡೆಯಿಂದ ಮಳೆ ಅಡ್ಡಾಗಿ ಹೊಡೆಯುವ ಶ್ರಾವಣ. ಊರ ಅಗಸಿ ಬಾಗಿಲು ದಾಟುವಾಗ ಹೊಲಗೇರಿಯವರು ಛತ್ರಿ ಮಡಚಬೇಕಿತ್ತು. ಹೊಸ ಛತ್ರಿ, ಮಡಚುವ ಗುಂಡಿ ಸಿಕ್ಕಲಿಲ್ಲ. ಮುದುಕ ಅದನ್ನು ತಿರುವುತ್ತಾ ಮುರುವುತ್ತಾ ಪಾಟೀಲರ ಕಟ್ಟೆಯ ಮುಂದೆ ಬಂದುಬಿಟ್ಟ. ತಲೆಯ ಮೇಲೆ ತೆರೆದ ಛತ್ರಿ. ಪಾಟೀಲರಿಗೂ ಆಕಾಶಕ್ಕೂ ನಡುವೆ ಹೊಲೆಯನ ನೆರಳು! ಕಟ್ಟೆಯಿಂದ ಇಳಿದವರು ಮೊದಲು ಛತ್ರಿ ಮುರಿದರು. ಆಮೇಲೆ ಮುರಿಯಲು ಧೋಂಡಿಬಾನ ಮುಂಗೈ ಹತ್ತಿರದಲ್ಲೇ ಇತ್ತು. ಕೈ ಸೊಟ್ಟಗೆ ಕೂಡಿತು. ಛತ್ರಿ ಕೂಡಲಿಲ್ಲ. ಅದರ ಕಡ್ಡಿಗಳನ್ನು ಅವ್ವ ಮುದಕವ್ವ ಗಂಟು ಕಟ್ಟಿ ಜಂತಿಯಲ್ಲಿ ಸಿಕ್ಕಿಸಿದಳು. ಅವ್ವ ಸತ್ತ ಮೇಲೆ ಆ ಗಂಟು ಕಾಡಸಿದ್ದನ ಜೊತೆ ಇಚಲಕರಂಜಿಗೆ ಬಂದಿತ್ತು. ಹೊಲಗೇರಿಯಲ್ಲಿ ಇದಕ್ಕೇ ಆಸ್ತಿ ಎನ್ನುತ್ತಾರೆ.

ಈಗ ಸರ್ಕಾರವೇ ಆಕಾಶದಲ್ಲಿ ಛತ್ರಿ ತೆರೆಯುತ್ತದಂತೆ. ಹಿಟ್ಟಿನ ಚೀಲಕ್ಕೂ ಒಂದು ಛತ್ರಿಯಂತೆ.

ನೈಲಾನ್ ಬಂತು. ಕೂದಲಿನಂಥ ಎಳೆ, ಕನ್ನಡಿಯಂಥ ಹೊಳಪು. ಅದಕ್ಕೆ ಒಂದು ನಮೂನಿ ಎಣ್ಣೆ ಹಚ್ಚಿರುತ್ತಿದ್ದರು. ಎಳೆ ಜಾರಲು ಆ ಎಣ್ಣೆ. ಹತ್ತಿಯ ನೂಲನ್ನು ಹೀರಿದರೆ ಧೂಳು ಬಾಯಿಗೆ ಬರುತ್ತದೆ, ಎದೆಗಿಳಿದು ಇಪ್ಪತ್ತು ವರ್ಷಕ್ಕೆ ಕೊಲ್ಲುತ್ತದೆ. ಅಷ್ಟು ತಾಳ್ಮೆ ಅದಕ್ಕೆ. ನೈಲಾನಿಗೆ ತಾಳ್ಮೆ ಇರಲಿಲ್ಲ. ಎರಡನೆಯ ದಿನಕ್ಕೆ ಎಂಟು ಮಗ್ಗದವರ ತುಟಿ ಸುಟ್ಟವು. ಮೂರನೆಯ ದಿನ ಎಳೆ ನಾಲಿಗೆ ಕೊಯ್ಯಿತು. ನಾಲ್ಕನೆಯ ದಿನ ಎಂಟೂ ಜನ ಲಾಳಿ ಕೆಳಗಿಟ್ಟರು. ದೇಶಭಕ್ತಿ ತುಟಿಯ ತನಕ ಬಂದಿತ್ತು. ಒಳಗೆ ಇಳಿಯಲಿಲ್ಲ.

ಬಾಬಾಸಾಹೇಬರೂ ರಾಯಪ್ಪನೂ ಆಫೀಸಿನಲ್ಲಿ ಕುಳಿತು ವಿಚಾರ ಮಾಡಿದರು. ಕಾಡಸಿದ್ದ ಬಾಗಿಲ ಹೊರಗೆ ಕಸ ಹೊಡೆಯುತ್ತಿದ್ದ. ಕಸ ಹೊಡೆಯುವವನು ಕೇಳಿಸಿಕೊಳ್ಳುತ್ತಾನೆ ಎಂದು ಯಾವ ಮಾಲಕನಿಗೂ ಇನ್ನೂ ಹೊಳೆದಿಲ್ಲ.

"ಕಾಡಸಿದ್ದನ ಕಡಿಂದ ಬಾಯಿ ಹಚ್ಚಿಸಿದ್ರ ಹ್ಯಾಂಗ್ರಿ?" ಎಂದ ರಾಯಪ್ಪ.

"ಅರೇ, ನಾಳೆ ನೀವ ಗದ್ದಲಾ ಮಾಡ್ತೀರಿ. ಮೈಲಿಗಿ ಅಂತೀರಿ."

"ಅದು ಹತ್ತೀದು ಮಾತ್ರಿ ಮಾಲಕರ. ಹತ್ತಿ ಮುಟ್ಟಿದ್ರ ಮೈಲಿಗಿ. ರೇಶ್ಮಿ ಮಡೀರಿ, ಅದಕ್ಕ ಮೈಲಿಗಿ ತಟ್ಟೂದಿಲ್ಲ. ನಮ್ಮ ಸ್ವಾಮಿಗೋಳು ರೇಶ್ಮಿ ಮಗಟಾ ಉಟಗೊಂಡ ಪೂಜಿ ಮಾಡ್ತಾರಿಲ್ಲೋ?"

"ನೈಲಾನ್ ರೇಶ್ಮಿ ಏನೋ?"

ರಾಯಪ್ಪ ಎಳೆಯೊಂದನ್ನು ಬೆಳಕಿಗೆ ಹಿಡಿದು ನೋಡಿದ. ಶಾಸ್ತ್ರದಲ್ಲಿ ಇಷ್ಟು ದೊಡ್ಡ ಪ್ರಶ್ನೆ ಸಾವಿರ ವರ್ಷದಲ್ಲಿ ಎದ್ದಿರಲಿಲ್ಲ.

"ಗಿಡದಾಗ ಹುಟ್ಟಿಲ್ಲ. ಹುಳದಾಗ ಹುಟ್ಟಿಲ್ಲ. ಇದ್ದಲದಾಗ ಹುಟ್ಟೈತಿ ಅಂತ ನೀವ ಹೇಳೀರಿ. ಇದ್ದಲ ಅಂದ್ರ ಬೆಂಕಿ. ಬೆಂಕಿಗಿ ಎಲ್ಲೀ ಮೈಲಿಗಿ? ನೈಲಾನಿಗೆ ಮೈಲಿಗಿ ಇಲ್ಲರಿ."

ಹೀಗೆ ಭಾರತದ ರಕ್ಷಣಾ ವಿಜ್ಞಾನ ಒಂದು ಹೆಜ್ಜೆ ಮುಂದೆ ಹೋಯಿತು.

ಕಾಡಸಿದ್ದನನ್ನು ಒಳಗೆ ಕರೆದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಬಾಸಾಹೇಬ ಅವನಿಗೆ 'ಲೇ' ಅನ್ನಲಿಲ್ಲ.

"ಕಾಡಸಿದ್ದಪ್ಪಾ, ಯುದ್ಧದಾಗ ಜಾತಿ ಇಲ್ಲ. ಮೂರ ತಿಂಗಳ ಬಾಯಿ ಹಚ್ಚು. ಮೂರ ತಿಂಗಳ ತುಂಬಿದ ದಿವಸ ಹಾಜರಿ ಪುಸ್ತಕದಾಗ 'ಝಾಡೂವಾಲಾ' ಹೊಡದ ಹಾಕಿ 'ನೇಕಾರ' ಬರಸ್ತೀನಿ. ಎರಡ ಮಗ್ಗ ನಿನ್ನ ಹೆಸರಲೆ."

"ಹತ್ತಿ ಮಗ್ಗಾನೋ, ನೈಲಾನ್ ಮಗ್ಗಾನೋ ಮಾಲಕರ?"

"ಮಗ್ಗ ಅಂದ್ರ ಮಗ್ಗೋ! ಜಾತಿ ಎಣಸ್ತಿ ಏನ ನೀ?"

ಜಾತಿ ಎಣಿಸುವುದು ತಪ್ಪೆಂದು ಗೊತ್ತಿದ್ದ ಕಾಡಸಿದ್ದ ಆ ಪ್ರಶ್ನೆ ಬಿಟ್ಟ. ಆದರೆ 'ನೇಕಾರ' ಎಂಬ ಶಬ್ದ ಅವನ ಹೊಟ್ಟೆಯೊಳಗೆ ಬಿಸಿ ಗಂಜಿಯ ಹಾಗೆ ಇಳಿಯಿತು. ಅದಕ್ಕಾಗಿಯೇ ಒಪ್ಪಿದ.

ಶೆಡ್ಡಿನ ಕೊನೆಗೆ, ಗಟಾರದ ಪಕ್ಕ, ಅವನಿಗೊಂದು ಮೊಳೆ ಎದ್ದ ಪೆಟ್ಟಿಗೆ ಹಾಕಿದರು. ಕೂಡು ಅಂದರು. ಎಂಟು ಮಗ್ಗದ ಲಾಳಿಗಳು ಅಲ್ಲಿಗೆ ಬರುತ್ತಿದ್ದವು. ನೇಕಾರರು ಲಾಳಿಯನ್ನು ನೆಲದ ಮೇಲೆ ಉರುಳಿಸುತ್ತಿದ್ದರು. ಅವನು ಎತ್ತಬೇಕು, ಬಾಯಿ ಹಚ್ಚಬೇಕು, ಹೀರಬೇಕು, ನೆಲದ ಮೇಲೆ ಇಡಬೇಕು. ಅವರು ಎಳೆಯ ತುದಿ ಹಿಡಿದು ಒಯ್ಯುತ್ತಿದ್ದರು. ನೈಲಾನಿಗೆ ಮೈಲಿಗೆ ಇರಲಿಲ್ಲ. ಅವನ ಕೈಗೆ ಇತ್ತು.

ನಿಮಿಷಕ್ಕೊಂದು ಲಾಳಿ. ದಿನಕ್ಕೆ ಐದು ನೂರು ಸಲ. ಮೊದಲ ವಾರ ತುಟಿ ಬಿರಿದವು. ಎರಡನೆಯ ವಾರ ಮುಂದಿನ ಹಲ್ಲಿನಲ್ಲಿ ಎಳೆ ಗೀರು ಕೊರೆಯಿತು. ನಾಲಿಗೆ ದಪ್ಪವಾಗಿ ತನ್ನದಲ್ಲದ್ದು ಬಾಯೊಳಗೆ ಇದ್ದಂತಾಯಿತು. ಹೀರಿದ ಎಣ್ಣೆ ಹೊಟ್ಟೆಗಿಳಿದು ಸಂಜೆಗೆ ವಾಂತಿ. ರೊಟ್ಟಿ, ಖಾರ ಎರಡೂ ಬಿಟ್ಟವು. ಹೆಂಡತಿ ಚೆನ್ನವ್ವ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ, ಕೂಸಿಗೆ ಉಣಿಸಿದಂತೆ ಉಣಿಸುತ್ತಿದ್ದಳು.

"ಛತ್ರಿ ಹಿಟ್ಟಿನ ಚೀಲಕ್ಕ ಅಂತೀರಿ," ಅಂದಳು ಒಂದು ದಿನ. "ಆ ಹಿಟ್ಟ ಉಣ್ಣವಗ ಬಾಯಿ ಇರತೈತಿ. ನಿಮಗ?"

"ಇನ್ನ ಎರಡ ತಿಂಗಳ. ಆಮ್ಯಾಲ ನೇಕಾರ."

"ನೇಕಾರ ಅಂತ ಹೇಳಾಕೂ ನಾಲಿಗಿ ಬೇಕಲ್ಲ."

ಅವಳ ಮಾತು ಅವನಿಗೆ ಚುಚ್ಚಿತು. ಅವನು ಜಂತಿಯಿಂದ ಗಂಟು ಇಳಿಸಿದ. ಅಪ್ಪನ ಛತ್ರಿಯ ಕಡ್ಡಿಗಳಿಗೆ ತುಕ್ಕು ಹಿಡಿದಿತ್ತು. ನೆಟ್ಟಗಿದ್ದ ಒಂದೇ ಒಂದನ್ನು ಆರಿಸಿದ. ಗೇಣುದ್ದ ಮುರಿದ. ಭಾನುವಾರವೆಲ್ಲ ಕಲ್ಲಿಗೆ ತಿಕ್ಕಿ ತುದಿಯನ್ನು ಸಣ್ಣ ಮಾಡಿದ, ಕಾಯಿಸಿ ಕೊಕ್ಕೆಯಾಗಿ ಬಗ್ಗಿಸಿದ. ಲಾಳಿಯ ಕಣ್ಣಿಗೆ ಹೊರಗಿನಿಂದ ಕೊಕ್ಕೆ ತೂರಿಸಿದರೆ ಒಳಗಿನ ಎಳೆ ಸಿಕ್ಕಿ ಹೊರಗೆ ಬರಬೇಕು. ಬಂತು. ಆದರೆ ಎಳೆ ಹರಿಯಿತು. ಮತ್ತೆ ತಿಕ್ಕಿದ. ಕಲ್ಲಾಯಿತು, ಇಟ್ಟಂಗಿಯ ಪುಡಿಯಾಯಿತು, ಹಳೇ ಕೆರವಿನ ಚರ್ಮವಾಯಿತು. ಕೊನೆಗೆ ಚೆನ್ನವ್ವನ ತಲೆಯಿಂದ ಒಂದು ಕೂದಲು ಕಿತ್ತು ಕೊಕ್ಕೆಗೆ ಸಿಕ್ಕಿಸಿ ಎಳೆದ. ಕೂದಲು ಹರಿಯಿತು. ಮತ್ತೆ ತಿಕ್ಕಿದ. ಹನ್ನೆರಡು ಸಂಜೆ, ನಲವತ್ತು ಕೂದಲು.

"ಬೋಳಿ ಮಾಡ್ತೀರೇನ ನನ್ನ, ನೀವ ಜೀವಂತ ಇದ್ದಾಗನ?" ಎಂದು ಚೆನ್ನವ್ವ ನಕ್ಕಳು.

ನಲವತ್ತೊಂದನೆಯ ಕೂದಲು ಹರಿಯಲಿಲ್ಲ.

ಮರುದಿನ ಬೆಳಿಗ್ಗೆ ಅವನು ಪೆಟ್ಟಿಗೆಯ ಮೇಲೆ ಕುಳಿತು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ. ಕೊಕ್ಕೆ ಒಳಗೆ, ಎಳೆ ಹೊರಗೆ. ಬಾಯಿಗಿಂತ ಬೇಗ. ರಾಯಪ್ಪ ಬಂದು ನಿಂತು ನೋಡಿದ. ಕೊಕ್ಕೆ ಕೇಳಿದ. ಬೆರಳಿನ ಮೇಲೆ ಆಡಿಸಿದ.

"ಯಾರ ಮಾಡಿದ್ದಲೇ?"

"ನಾನ ರೀ. ನಮ್ಮಪ್ಪನ ಛತ್ರಿ ಕಡ್ಡಿ."

"ಹೌದ? ಭಾಳ ಶ್ಯಾಣ್ಯಾ ಆಗೀಯಲ್ಲೋ. ಮಾಲಕರಿಗಿ ತೋರಿಸಿ ಬರ್ತೀನಿ ತಡಿ."

ರಾಯಪ್ಪ ಬಂದ. ಕೊಕ್ಕೆ ಬರಲಿಲ್ಲ. ಕಾಡಸಿದ್ದ ಮತ್ತೆ ಬಾಯಿ ಹಚ್ಚಿದ.

ಹತ್ತು ದಿನದ ಮೇಲೆ ಕೊಲ್ಲಾಪುರದಲ್ಲಿ ಸಭೆ. ದೇಶರಕ್ಷಣೆಗೆ ಹೊಸ ಶೋಧ ಮಾಡಿದ ಕಾರಖಾನೆದಾರರ ಸನ್ಮಾನ ಮತ್ತು ಪ್ರದರ್ಶನ. ಬಾಬಾಸಾಹೇಬ ಮೋಟಾರಿನಲ್ಲಿ ಹೋದರು. ತೋರಿಸಲು ಒಯ್ಯಬೇಕಾದ ಅರಿವೆಯ ತಾನು, ಲಾಳಿಗಳ ಪೆಟ್ಟಿಗೆ ಎರಡನ್ನೂ ಹೊತ್ತುಕೊಂಡು ಕಾಡಸಿದ್ದ ಎಸ್‌.ಟಿ. ಬಸ್ಸಿನಲ್ಲಿ ಹೋದ. ಸ್ಟ್ಯಾಂಡಿನಿಂದ ಸಭಾಗೃಹದ ತನಕ ತಲೆಯ ಮೇಲೆ ಪೆಟ್ಟಿಗೆ, ಹೆಗಲ ಮೇಲೆ ತಾನು. ಬಾಗಿಲಲ್ಲಿ ಇಳಿಸಿಕೊಂಡರು. ಅವನನ್ನು ಹೊರಗೆ ನಿಲ್ಲಿಸಿದರು. ಹೊರಗಿನವರಿಗಾಗಿ ಧ್ವನಿವರ್ಧಕ ಕಟ್ಟಿದ್ದರು. ವಿಜ್ಞಾನ ಎಲ್ಲರಿಗೂ ಕೇಳಬೇಕಲ್ಲ.

ಒಬ್ಬರು ರಾಡಾರಿನ ಮಾತಾಡಿದರು. ಮೋಡದ ಆಚೆಯ ವಿಮಾನವೂ ಅದಕ್ಕೆ ಕಾಣುತ್ತದಂತೆ. ಬಾಗಿಲ ಆಚೆಯ ಮನುಷ್ಯ ಕಾಣುತ್ತಾನೋ ಇಲ್ಲವೋ ಹೇಳಲಿಲ್ಲ. ಇನ್ನೊಬ್ಬರು ಜೆಟ್ ವಿಮಾನದ ಮಾತಾಡಿದರು. ಆಮೇಲೆ ಬಾಬಾಸಾಹೇಬ.

"ನೈಲಾನ್ ಎಳೆಗೆ ಮನುಷ್ಯನ ಉಗುಳು ತಾಗಿದರೆ ಸೈನ್ಯದ ಅರಿವೆಗೆ ಕಳಂಕ ಎಂದು ನನಗೆ ನಿದ್ದೆ ಬರಲಿಲ್ಲ," ಎಂದು ಮರಾಠಿಯಲ್ಲಿ ಹೇಳಿದರು. "ಆ ಚಿಂತೆಯಲ್ಲಿ ಈ ಕೊಕ್ಕೆ ಹುಟ್ಟಿತು."

ಶಾಲು. ಶ್ರೀಫಲ. ಚಪ್ಪಾಳೆ. ಕೊಕ್ಕೆಯನ್ನು ಕೆಂಪು ಮಖಮಲ್ಲಿನ ಮೇಲಿಟ್ಟು ಗಾಜಿನ ಕಪಾಟಿನಲ್ಲಿ ಬೀಗ ಹಾಕಿದರು. ಕಾಡಸಿದ್ದ ಬಾಗಿಲ ಸಂದಿಯಲ್ಲಿ ಅದನ್ನು ಕಂಡ. ಅಪ್ಪನ ಛತ್ರಿ ಕೊನೆಗೂ ದೊಡ್ಡವರ ಮುಂದೆ ಮಡಚದೆ ನಿಂತಿತ್ತು. ಮುರಿಯುವವರಿರಲಿಲ್ಲ. ಹೊಲೆಯನದೆಂದು ಅಲ್ಲಿ ಬರೆದಿರಲಿಲ್ಲವಲ್ಲ.

ಹಿಂದಿರುಗಿದ ಮೇಲೆ ಬಾಬಾಸಾಹೇಬ ಕಂಚುಗಾರನಿಂದ ಹಿತ್ತಾಳೆಯ ಐವತ್ತು ಕೊಕ್ಕೆ ಮಾಡಿಸಿದರು. ಬಾಯಿ ಬೇಕಿಲ್ಲ ಎಂದ ಕೂಡಲೇ ಎಂಟೂ ನೇಕಾರರು ನೈಲಾನ್ ಮಗ್ಗಕ್ಕೆ ಮರಳಿದರು. ದೇಶಭಕ್ತಿಯೂ ಮರಳಿತು. ಕಾಡಸಿದ್ದನ ಪೆಟ್ಟಿಗೆಯನ್ನು ಗಟಾರದ ಪಕ್ಕದಿಂದ ಎತ್ತಿ ಒಲೆಗೆ ಹಾಕಿದರು. ರಾಯಪ್ಪ ಎಂಟೂ ಲಾಳಿಗಳಿಗೆ ಗೋಮೂತ್ರ ಚಿಮುಕಿಸಿದ.

"ಮೈಲಿಗಿ ಇಲ್ಲ ಅಂದಿದ್ರೆಲ್ರಿ ರಾಯಪ್ಪಣ್ಣಾ," ಎಂದ ಕಾಡಸಿದ್ದ.

"ನೈಲಾನಿಗಿ ಇಲ್ಲೋ. ಲಾಳಿ ಕಟಗೀದು."

ಕಾಡಸಿದ್ದ ಆಫೀಸಿಗೆ ಹೋಗಿ ತನ್ನ ಎರಡು ಮಗ್ಗ ಕೇಳಿದ. ಬಾಬಾಸಾಹೇಬ ಬೆರಳು ಮಡಚಿ ಎಣಿಸಿದರು.

"ಮೂರ ತಿಂಗಳ ಅಂದಿದ್ದೆ. ನೀ ಹಚ್ಚಿದ್ದು ಎರಡ ತಿಂಗಳ ಹನ್ನೊಂದ ದಿವಸ. ಆಮ್ಯಾಲ ಕೊಕ್ಕಿ ಬಂತು. ನಡುವ ಬಿಟ್ಟವ ನೀನ."

"ಕೊಕ್ಕಿ ನಾನ ಮಾಡಿದ್ದರಿ."

"ಹಂಗಾರ ನಿನ್ನ ಮಗ್ಗ ನೀನ ಕಳಕೊಂಡಿ. ನಾ ಏನ ಮಾಡ್ಲಿ? ಕಸ ಹೊಡಿ ಹೋಗು."

ಕಾಡಸಿದ್ದ ಕಸಬರಿಗೆ ಹಿಡಿದ. ತುಟಿ ಮಾಯುತ್ತಾ ಬಂದವು. ಹಲ್ಲಿನ ಗೀರು ಹಾಗೇ ಉಳಿಯಿತು. ನಾಲಿಗೆ ಅದರೊಳಗೆ ಹೋಗಿ ಹೋಗಿ ನೋಡುತ್ತಿತ್ತು.

ತಿಂಗಳ ಕೊನೆಗೆ ಮಿಲಿಟರಿ ಸಾಹೇಬರು ತಪಾಸಣೆಗೆ ಬಂದರು. ಖಾಕಿ ಡ್ರೆಸ್ಸು, ಕೈಯಲ್ಲಿ ಭೂತಗನ್ನಡಿ. ಗೇಟಿಗೆ ಮಾವಿನ ತೋರಣ. ಶೆಡ್ಡಿನಲ್ಲಿ ರಂಗೋಲಿ. ಕಾಡಸಿದ್ದನಿಗೆ ಪಾಯಖಾನೆಯ ಕಡೆ ಇರು, ಈ ಕಡೆ ಮುಖ ತೋರಿಸಬೇಡ ಅಂದಿದ್ದರು. ಅವನು ಗಟಾರ ಬಳಿಯುತ್ತಿದ್ದ. ಅಲ್ಲಿಂದ ಶೆಡ್ಡು ಪೂರ್ತಿ ಕಾಣುತ್ತಿತ್ತು.

ಸಾಹೇಬರು ಅರಿವೆಯ ತಾನು ಬಿಚ್ಚಿಸಿ ಭೂತಗನ್ನಡಿ ಇಟ್ಟರು. ಗೇಣಿಗೊಂದು ಕಡೆ ಎಳೆ ಹರಿದು ಜುಂಜಾಗಿ ಎದ್ದಿತ್ತು. ಹಿತ್ತಾಳೆಯ ಕೊಕ್ಕೆಗೆ ಹೊಳಪಿತ್ತು, ನಯ ಇರಲಿಲ್ಲ. ಅದನ್ನು ಯಾರೂ ಕೂದಲಿಗೆ ಹಚ್ಚಿ ನೋಡಿರಲಿಲ್ಲ. ಮಾಲಕರ ಮನೆಯ ಹೆಂಗಸರ ಕೂದಲಿಗೆ ಬೇರೆ ಕೆಲಸವಿತ್ತು.

"ಯೇ ಕ್ಯಾ ಹೈ?" ಎಂದರು ಸಾಹೇಬರು. "ಇದರ ಕೆಳಗೆ ಚೀಲ ಬಿಟ್ಟರೆ ಚೀಲ ಬರುತ್ತದೆ, ಛತ್ರಿ ಮೇಲೇ ಉಳಿಯುತ್ತದೆ. ಕೊಲ್ಲಾಪುರದಲ್ಲಿ ತೋರಿಸಿದ ಕೊಕ್ಕೆ ಎಲ್ಲಿ?"

ಅದು ಕೊಲ್ಲಾಪುರದ ಕಪಾಟಿನಲ್ಲಿತ್ತು. ಬೀಗದ ಕೈ ಯಾರ ಬಳಿ ಇತ್ತೋ.

"ನನ್ನ ಕಣ್ಣ ಮುಂದೆ ಎರಡು ಗಜ ನೇಯಿರಿ. ಒಂದು ಎಳೆ ಹರಿಯಬಾರದು. ಹರಿದರೆ ಕೆಲಸ ಇಲ್ಲಿಗೇ ರದ್ದು."

ಬಾಬಾಸಾಹೇಬರ ಹಣೆಯ ಕುಂಕುಮ ಬೆವರಿನಲ್ಲಿ ಮೂಗಿಗಿಳಿಯಿತು. ಎಳೆ ಹರಿಯದಂತೆ ತೆಗೆಯಲು ಉಳಿದದ್ದು ಬಾಯಿ ಒಂದೇ. ಅವರು ರಾಯಪ್ಪನ ಕಡೆ ನೋಡಿದರು. ರಾಯಪ್ಪ ಲಾಳಿ ಎತ್ತಿಕೊಂಡ. ಕಂಡಿಕೆ ಕೂಡಿಸಿದ. ಬಾಯಿ ಹಚ್ಚಿದ. ಹೀರಿದ. ಎಣ್ಣೆ ಗಂಟಲಿಗೆ ಹೊಡೆಯಿತು. ಎಳೆ ಬರಲಿಲ್ಲ, ಕೆಮ್ಮು ಬಂತು. ಮತ್ತೊಮ್ಮೆ ಹೀರಿದ. ಲಾಳಿಯ ಕಣ್ಣಿನ ಮೇಲೆಲ್ಲ ಜೊಲ್ಲು ಸುರಿಸಿ, ಮಗ್ಗ ಹಿಡಿದುಕೊಂಡು ಓಕರಿಸಿದ. ಎಂಟು ನೇಕಾರರು ನೆಲ ನೋಡುತ್ತಾ ನಿಂತರು.

"ಏ ಕಾಡಸಿದ್ದಾ!" ಬಾಬಾಸಾಹೇಬ ಕೂಗಿದರು. "ಬಾ ಇಲ್ಲೆ. ಲಗೂ ಬಾ."

ಕಾಡಸಿದ್ದ ಬಂದ. ಕೈಕಾಲು ಗಟಾರದ ರಾಡಿ. ರಂಗೋಲಿ ತುಳಿದೇ ಬಂದ. ಬೇರೆ ದಾರಿ ಇರಲಿಲ್ಲ.

"ತಗೋ. ಹಚ್ಚು ಬಾಯಿ." ಬಾಬಾಸಾಹೇಬ ಲಾಳಿ ಚಾಚಿದರು. ಕೈಯಿಂದ ಕೈಗೆ. ನೆಲದ ಮೇಲೆ ಉರುಳಿಸಲಿಲ್ಲ.

ಕಾಡಸಿದ್ದ ಲಾಳಿಯನ್ನು ನೋಡಿದ. ಅದರ ಕಣ್ಣಿನಿಂದ ರಾಯಪ್ಪನ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಅವನು ಕೈ ಚಾಚಲಿಲ್ಲ.

"ಕೇಳಸ್ಲಿಲ್ಲೇನೋ? ದೇಶದ ಕೆಲಸೈತಿ. ಇವತ್ತಿಂದನ ನೇಕಾರ ನೀನು. ಇಕಾ, ಸಾಹೇಬರ ಮುಂದ ಹೇಳ್ತೀನಿ. ನಾಕ ಮಗ್ಗ!"

"ನೇಕಾರ ಅಂತ ನೀವ ಈಗ ಹೇಳೀರಿ. ನಾ ಹನ್ನೊಂದ ವರ್ಷದಿಂದ ಅದೇನಿ."

"ಹೌದೋ ನಮ್ಮಪ್ಪಾ, ಅದೀ! ಹಚ್ಚು!"

"ಕ್ಯಾ ಬಾತ್ ಹೈ?" ಎಂದರು ಮಿಲಿಟರಿ ಸಾಹೇಬರು. "ಈ ಮನುಷ್ಯ ಯಾಕೆ ಮಾಡುವುದಿಲ್ಲ? ಬೇರೆಯವರು ಯಾಕೆ ಮಾಡುವುದಿಲ್ಲ?"

ಬಾಬಾಸಾಹೇಬ ರಾಯಪ್ಪನ ಬೆನ್ನಿಗೆ ಕೈ ಹಚ್ಚಿ ಮುಂದೆ ತಳ್ಳಿದರು. ರಾಯಪ್ಪ ಬಾಯಿ ಒರೆಸಿಕೊಂಡು ಹತ್ತಿರ ಬಂದ. ದನಿ ತಗ್ಗಿಸಿದ.

"ಕಾಡಸಿದ್ದಾ, ಕನ್ನಡದವ ನೀ, ಕನ್ನಡದವ ನಾ. ಮಾನ ಉಳಸೋ. ನೈಲಾನಿಗೆ ಮೈಲಿಗಿ ಇಲ್ಲಂತ ನಾನ ಹೇಳೀನಿಲ್ಲ?"

"ನೈಲಾನಿಗಿ ಇಲ್ಲ ಬಿಡ್ರಿ ರಾಯಪ್ಪಣ್ಣಾ," ಎಂದ ಕಾಡಸಿದ್ದ. ನಾಲಿಗೆ ಹಲ್ಲಿನ ಗೀರನ್ನು ಒಮ್ಮೆ ಮುಟ್ಟಿ ಬಂತು. "ಲಾಳಿ ಕಟಗೀದು. ನಿಮ್ಮ ಬಾಯಿ ಹತ್ತೈತಿ ಅದಕ್ಕ. ಎಂಜಲ ಆಗೈತಿ. ನಾ ಹಚ್ಚೂದಿಲ್ಲ."